ಬಚ್ಚಿಡುವುದು ಬೇರೆ, ಬೀಗ ಹಾಕುವುದು ಬೇರೆ

ಯುಗಾದಿ ಊಟಕ್ಕೆ ಕೂತಿರುತ್ತೇವೆ. ಎಲೆಗೆ ಒಬ್ಬಟ್ಟು ಬಿದ್ದಿರುತ್ತದೆ ಅಷ್ಟೇ, ಪಕ್ಕದವರು ಶುರು ಮಾಡುತ್ತಾರೆ. "ಡಾಕ್ಟ್ರೇ, ಈ ಗನ್ ಕಾನೂನೆಲ್ಲ ಬಂದ್ರೆ ಮಾಸ್ ಶೂಟಿಂಗ್ ನಿಂತು ಹೋಗುತ್ತಾ?" ನಾನು ಅಮೆರಿಕದ ಮಿಷಿಗನ್‌ನಲ್ಲಿ ಮಕ್ಕಳ ಮನೋವೈದ್ಯೆ. ಉತ್ತರ "ಇಲ್ಲ" ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇಲ್ಲ ಅಂದ ಕೂಡಲೇ "ಮತ್ಯಾಕೆ ಇದೆಲ್ಲ?" ಅಂದು ಬಡಿಸುವವರ ಕಡೆ ತಿರುಗಿ ತುಪ್ಪ ಕೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ನಿಂತು ಹೋಗುತ್ತಾ ಅಂತ ಕೇಳಿದರೆ ಯಾವ ಕಾನೂನೂ ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ನಾನು ಕೊಪ್ಪದ ಕಡೆಯವಳು. ನಮ್ಮ ತೋಟಕ್ಕೆ ಹಂದಿ ಬರುತ್ತಿತ್ತು, ಮಂಗ ಬರುತ್ತಿತ್ತು. ಹಂದಿಗೆ ಅಂತ ಹಾಕಿದ ಬೇಲಿಯನ್ನು ಮಂಗ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಹಾಗಂತ ನಮ್ಮಜ್ಜ ಬೇಲಿ ಕಿತ್ತು ಹಾಕಿದ್ದನ್ನು ನಾನಂತೂ ನೋಡಿಲ್ಲ.

ಇಲ್ಲಿಯೂ ಅಷ್ಟೇ. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದ ಹುಡುಗನಿಗೆ ಗನ್ ಮಾರಲೇಬಾರದಿತ್ತು. ಇವನಿಂದ ಇವನಿಗೇ ಅಪಾಯ, ಚಿಕಿತ್ಸೆ ತಗೋಬೇಕು ಅಂತ 2005ರಲ್ಲೇ ಕೋರ್ಟು ಹೇಳಿತ್ತು. ಗನ್ ಕೊಳ್ಳುವವರ ಹಿನ್ನೆಲೆ ನೋಡಲು ಕೇಂದ್ರ ಸರ್ಕಾರ ಇಟ್ಟಿರುವ ಪಟ್ಟಿಗೆ ಆ ದಾಖಲೆ ಹೋಗಲೇ ಇಲ್ಲ. ಅಂಗಡಿಯಲ್ಲಿ ವಿಚಾರಿಸಿದರು, ಏನೂ ಸಿಗಲಿಲ್ಲ, ಕೊಟ್ಟರು. ಅಂಥದ್ದಕ್ಕೆ ಹಿನ್ನೆಲೆ ತಪಾಸಣೆಯನ್ನು ಸರಿಮಾಡಬೇಕು. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡೆಯಲ್ಲಿ 19 ಮಕ್ಕಳನ್ನೂ ಇಬ್ಬರು ಟೀಚರ್‌ಗಳನ್ನೂ ಕೊಂದವನು 18 ತುಂಬಿದ ಕೆಲವೇ ದಿನಗಳಲ್ಲಿ ರೈಫಲ್ ಕೊಂಡಿದ್ದ, ಅದೂ ಕಾನೂನು ಪ್ರಕಾರವೇ. ಮಿತಿ 21 ಇದ್ದಿದ್ದರೆ ಅಂಗಡಿಯಲ್ಲಿ ಅವನಿಗೆ ಸಿಗುತ್ತಿರಲಿಲ್ಲ. ಬೇರೆಲ್ಲೋ ಸಿಗುತ್ತಿತ್ತೋ ಏನೋ, ನಾನು ಆಣೆ ಮಾಡಲಾರೆ. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಗುಂಡು ಹಾರಿಸಿ ಜನರನ್ನು ಕೊಂದವನಿಗೆ 64 ವರ್ಷ, ದಾಖಲೆ ಚೊಕ್ಕ. ಅವನಿಗೆ ಈ ಎರಡೂ ಬೇಲಿ ಸುಮ್ನೆ. ಅವನು ಬಳಸಿದ ಬಂಪ್ ಸ್ಟಾಕ್ ಅನ್ನೋ, ರೈಫಲ್ಲು ಪಟಪಟ ಗುಂಡು ಹಾರಿಸುವಂತೆ ಮಾಡುವ ಸಲಕರಣೆಯನ್ನು ಸರ್ಕಾರ ಆಮೇಲೆ ನಿಷೇಧಿಸಿತು, 2024ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನೇ ತೆಗೆದುಹಾಕಿತು. ಸೇನೆಯವರ ಗನ್ನಿನ ಮಾದರಿಯ ಅಸಾಲ್ಟ್ ರೈಫಲ್ ನಿಷೇಧವಂತೂ 1994ರಿಂದ 2004ರವರೆಗೆ ದೇಶಕ್ಕೆಲ್ಲ ಇತ್ತು. 1999ರ ಕೊಲಂಬೈನ್ ಶಾಲೆಯ ಗುಂಡಿನ ದಾಳಿ ಆದದ್ದು ಅದರ ನಡುವೆಯೇ. ಇದನ್ನೂ ಹೇಳಬೇಕಲ್ವಾ, ಬರೀ ನಮಗೆ ಬೇಕಾದ್ದನ್ನೇ ಹೇಳಿದರೆ ಆಗುವುದಿಲ್ಲ.

ಈ ಚರ್ಚೆ ನನಗಿಂತ ಚೆನ್ನಾಗಿ ಬಲ್ಲ ವಕೀಲರಿದ್ದಾರೆ. ನನ್ನ ಹತ್ತಿರ ಬರುವುದು ಮಕ್ಕಳು, ಹಾಗಾಗಿ ನನಗೆ ಗೊತ್ತಿರುವ ಒಂದೇ ಒಂದು ಬೇಲಿಯ ಬಗ್ಗೆ ಮಾತಾಡುತ್ತೇನೆ.

ನಾನಿರುವ ಮಿಷಿಗನ್ ರಾಜ್ಯದಲ್ಲೇ ಆಕ್ಸ್‌ಫರ್ಡ್ ಅಂತ ಒಂದು ಊರು. 2021ರ ನವೆಂಬರ್ 26, ಬ್ಲ್ಯಾಕ್ ಫ್ರೈಡೇ ದಿನ, ಒಬ್ಬ ಅಪ್ಪ 15 ವರ್ಷದ ಮಗನನ್ನು ಕರೆದುಕೊಂಡು ಹೋಗಿ 9 ಎಂಎಂ ಪಿಸ್ತೂಲು ಕೊಂಡ. ಮಾರನೇ ದಿನ ಅಮ್ಮ ಮಗನನ್ನು ಗುರಿ ಅಭ್ಯಾಸಕ್ಕೆ ಕರೆದುಕೊಂಡು ಹೋದಳು. ನಾಲ್ಕನೇ ದಿನ, 30ನೇ ತಾರೀಖು ಬೆಳಿಗ್ಗೆ, ಅವನ ಗಣಿತದ ಹಾಳೆಯಲ್ಲಿ ಗನ್ನಿನ ಚಿತ್ರ. ಪಕ್ಕದಲ್ಲಿ, ಯೋಚನೆಗಳು ನಿಲ್ಲುತ್ತಿಲ್ಲ, ನನಗೆ ಸಹಾಯ ಮಾಡಿ ಅಂತ ಬರೆದಿದ್ದ. ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿದರು. ಅವರು ಬಂದರು, ಮಾತಾಡಿದರು, ಮಗನನ್ನು ಅಲ್ಲೇ ಬಿಟ್ಟು ಹೋದರು. ಅವನ ಬ್ಯಾಗನ್ನು ಯಾರೂ ತೆಗೆದು ನೋಡಲಿಲ್ಲ. ಮಧ್ಯಾಹ್ನ ಅವನು ಶಾಲೆಯಲ್ಲಿ ಹಾರಿಸಿದ ಗುಂಡಿಗೆ ನಾಲ್ಕು ಮಕ್ಕಳು ಸತ್ತರು.

ಹಿನ್ನೆಲೆ ತಪಾಸಣೆಯಿಂದ ಇದು ತಪ್ಪುತ್ತಿರಲಿಲ್ಲ, ಅಪ್ಪ ಅದರಲ್ಲಿ ಪಾಸಾಗಿದ್ದ. ವಯಸ್ಸಿನ ಮಿತಿಯಿಂದಲೂ ತಪ್ಪುತ್ತಿರಲಿಲ್ಲ. ರೈಫಲ್ ನಿಷೇಧಕ್ಕಂತೂ ಸಂಬಂಧವೇ ಇಲ್ಲ, ಇದು ಪಿಸ್ತೂಲು. ಅಪ್ಪ ಪೊಲೀಸರಿಗೆ ಹೇಳಿದ್ದೇನು ಗೊತ್ತಾ? ಪಿಸ್ತೂಲನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದೆ, ಗುಂಡುಗಳನ್ನು ಬೇರೆ ಕಡೆ, ಜೀನ್ಸ್ ಪ್ಯಾಂಟುಗಳ ಕೆಳಗೆ ಇಟ್ಟಿದ್ದೆ ಅಂತ. ಗನ್ನಿಗೆ ಹಾಕುವ ಕೇಬಲ್ ಬೀಗ ಮನೆಯಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಒಡೆಯದೆ ಹಾಗೇ. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕೋರ್ಟು 10ರಿಂದ 15 ವರ್ಷ ಜೈಲು ಹಾಕಿತು.

ಜೀನ್ಸ್ ಪ್ಯಾಂಟಿನ ಕೆಳಗೆ! ಇದನ್ನು ಓದಿದ ದಿನ ನನಗೆ ನಮ್ಮಜ್ಜಿಯ ನೆನಪಾಯಿತು. ಅಜ್ಜಿ ಚಕ್ಕುಲಿ ಡಬ್ಬವನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಡುತ್ತಿದ್ದರು. ನಾವು ಐದು ಜನ ಮೊಮ್ಮಕ್ಕಳು. ಡಬ್ಬ ಎಲ್ಲಿದೆ, ಅದರಲ್ಲಿ ಎಷ್ಟು ಉಳಿದಿದೆ, ಎಷ್ಟು ತೆಗೆದರೆ ಗೊತ್ತಾಗಲ್ಲ, ಎಲ್ಲ ಲೆಕ್ಕ ನಮ್ಮ ಹತ್ತಿರ ಇತ್ತು. ಅಜ್ಜನ ಹತ್ತಿರ ಒಂದು ಕೋವಿಯೂ ಇತ್ತು, ಬೆಳೆ ಕಾಯುವ ಲೈಸೆನ್ಸಿನದು. ತೋಟಾಗಳು ಅಟ್ಟದ ಮೇಲೆ ಬಿಸ್ಕೆಟ್ ಡಬ್ಬಿಯಲ್ಲಿ. ಅದು ನಮಗೆ ಗೊತ್ತಿಲ್ಲ ಅಂತ ಅಜ್ಜ ಸಾಯುವವರೆಗೂ ನಂಬಿದ್ದರು. ಚುನಾವಣೆ ಬಂತೆಂದರೆ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ಕೊಟ್ಟು, ಗೊಣಗುತ್ತಾ ಚೀಟಿ ಇಸಕೊಂಡು ಬರುತ್ತಿದ್ದರು. ಹಂದಿಗಳಿಗೆ ಚುನಾವಣೆ ಇದೆ ಅಂತ ಗೊತ್ತಾ ಅನ್ನುತ್ತಿದ್ದರು. ನಮ್ಮ ಮನೆಯ ಕೋವಿ ನಿಜವಾಗಿ ಮಕ್ಕಳ ಕೈಗೆ ಸಿಗದಂತೆ ಇದ್ದದ್ದು ಆ ಕೆಲವು ವಾರ ಮಾತ್ರ ಅಂತ ಈಗ ಅನ್ನಿಸುತ್ತದೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಅಲಬಾಮಾದ ಹಳ್ಳಿ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. 2006ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಗನ್ ಎಲ್ಲಿದೆ ಅಂತ ನಮ್ಮ ಮಗುವಿಗೆ ಗೊತ್ತಿಲ್ಲ ಅಂದ ಪೋಷಕರಲ್ಲಿ ಶೇ 39ರಷ್ಟು ಜನರ ಮಾತು ಸುಳ್ಳಾಯಿತು, ಮಕ್ಕಳಿಗೆ ಗೊತ್ತಿತ್ತು. ನಮ್ಮ ಮಗು ಅದನ್ನು ಮುಟ್ಟೇ ಇಲ್ಲ ಅಂದವರಲ್ಲಿ ಶೇ 22ರಷ್ಟು ಜನರ ಮಕ್ಕಳು, ಮುಟ್ಟಿದ್ದೇವೆ ಅಂದರು. ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್‌ನವರು 2008ರಿಂದ 2017ರವರೆಗಿನ 41 ಶಾಲಾ ದಾಳಿಗಳನ್ನು ಕೂಲಂಕಷವಾಗಿ ನೋಡಿದ್ದಾರೆ. ಗನ್ ಬಳಸಿದ ದಾಳಿಗಳಲ್ಲಿ ಮುಕ್ಕಾಲು ಪಾಲು ಗನ್‌ಗಳು ಬಂದದ್ದು ಅಪ್ಪ ಅಮ್ಮನ ಮನೆಯಿಂದ ಅಥವಾ ತೀರಾ ಹತ್ತಿರದ ನೆಂಟರ ಮನೆಯಿಂದ. ಕಳ್ಳಸಂತೆಯಿಂದ ಅಲ್ಲ.

ಹಾಗಾಗಿ ನಾನು ಬಾಯಿ ನೋಯುವಷ್ಟು ಹೇಳುವ ಮಾತು ಒಂದೇ, ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಬಚ್ಚಿಟ್ಟದ್ದು ಹುಡುಕಿದರೆ ಸಿಗುತ್ತದೆ. ಬೀಗ ಹಾಕಿದ್ದು ಹುಡುಕಿದರೂ ಸಿಗುವುದಿಲ್ಲ. ಬಟ್ಟೆಯ ಕೆಳಗೆ ಇಡುವುದು ಬಚ್ಚಿಡುವುದು. ಮೇಲಿನ ಶೆಲ್ಫ್, ಹಾಸಿಗೆಯ ಕೆಳಗೆ, ಕಾರಿನ ಡ್ಯಾಶ್‌ಬೋರ್ಡ್, ದೇವರ ಮನೆಯ ಕಪಾಟು (ಹೌದು, ನೋಡಿದ್ದೇನೆ), ಎಲ್ಲವೂ ಬಚ್ಚಿಡುವುದೇ. ಬೀಗ ಹಾಕಿ ಕೀಲಿಯನ್ನು ಅದೇ ಡ್ರಾಯರಿನಲ್ಲಿ ಇಟ್ಟರೆ ಅದೂ ಬಚ್ಚಿಡುವುದೇ. ಗನ್ ಖಾಲಿ ಇರಬೇಕು, ಅದಕ್ಕೆ ಬೀಗ ಇರಬೇಕು ಅಥವಾ ಬೀಗದ ಪೆಟ್ಟಿಗೆಯಲ್ಲಿ ಇರಬೇಕು. ಗುಂಡುಗಳು ಬೇರೆ ಕಡೆ, ಅವಕ್ಕೂ ಬೀಗ. ಕೀಲಿ ಅಥವಾ ಕೋಡು ದೊಡ್ಡವರ ಹತ್ತಿರ ಮಾತ್ರ. ಊರಿಂದ ಆರು ತಿಂಗಳಿಗೆ ಬಂದಿರುವ ಅತ್ತೆ ಮಾವ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಅನ್ನುವುದು ಬೀಗ ಅಲ್ಲ.

2023ರ ಫೆಬ್ರವರಿ 13ರಂದು ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂವರು ವಿದ್ಯಾರ್ಥಿಗಳು ಸತ್ತರು. ಸರಿಯಾಗಿ ಒಂದು ವರ್ಷಕ್ಕೆ, 2024ರ ಫೆಬ್ರವರಿ 13ರಿಂದ, ಈ ಬೀಗದ ಮಾತು ನಮ್ಮ ರಾಜ್ಯದಲ್ಲಿ ಕಾನೂನಾಯಿತು. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕದ ಗನ್ ಮಗುವಿನ ಕೈಗೆ ಸಿಕ್ಕಿ ಯಾರಾದರೂ ಸತ್ತರೆ ದೊಡ್ಡವರಿಗೆ 15 ವರ್ಷದವರೆಗೆ ಜೈಲು. ತಮಾಷೆ ಅಂದರೆ ಯೂನಿವರ್ಸಿಟಿಯಲ್ಲಿ ಗುಂಡು ಹಾರಿಸಿದವನು 43 ವರ್ಷದವನು, ಗನ್ ಅವನೇ ಕೊಂಡದ್ದು. ಈ ಕಾನೂನು ಅವನನ್ನು ತಡೆಯುತ್ತಿರಲಿಲ್ಲ. ತಡೆಯಬೇಕಾಗಿದ್ದದ್ದು ಆಕ್ಸ್‌ಫರ್ಡಿನವನನ್ನು, ಆದರೆ ಆಗ ಕಾನೂನು ಇರಲಿಲ್ಲ.

"ಯಾರು ಮನೆಮನೆಗೆ ಬಂದು ಬೀರು ನೋಡ್ತಾರೆ?" ಅಂತ ಕೇಳುತ್ತಾರೆ. ಯಾರೂ ನೋಡುವುದಿಲ್ಲ. ಕಾರಿನ ಸೀಟ್ ಬೆಲ್ಟ್ ಕೂಡ ಯಾರೂ ಬಗ್ಗಿ ನೋಡುವುದಿಲ್ಲ, ಆದರೂ ಹಾಕಿಕೊಳ್ಳುತ್ತೇವೆ. ನನಗೆ ಆಗಿರುವ ಉಪಕಾರ ಎಂದರೆ, ಮೊದಲು ಗನ್ ಇದೆಯಾ ಅಂತ ಕೇಳಿದರೆ ಅನುಮಾನದಿಂದ ನೋಡುತ್ತಿದ್ದರು. ಈಗ "ಕಾನೂನು ಇದೆಯಲ್ಲ, ಅದಕ್ಕೆ ಕೇಳ್ತಿದ್ದೀನಿ" ಅನ್ನಬಹುದು. ಮಗು ಆಡಲು ಹೋಗುವ ಮನೆಯಲ್ಲಿ ನಾಯಿ ಇದೆಯಾ, ತಿಂಡಿಯಲ್ಲಿ ಕಡಲೆಕಾಯಿ ಇದೆಯಾ ಅಂತ ಕೇಳುವ ಅಮ್ಮಂದಿರಿಗೆ ಗನ್ ಇದೆಯಾ ಅಂತ ಕೇಳಲು ಇನ್ನೂ ಸಂಕೋಚ. ಕೇಳಿ ಅನ್ನುತ್ತೇನೆ.

ಇದರಿಂದ ಸಾಮೂಹಿಕ ಗುಂಡಿನ ದಾಳಿ ಎಷ್ಟು ಕಮ್ಮಿಯಾಗುತ್ತದೆ? ಅಂಥ ದಾಳಿಗಳು ದೇಶದ ಒಟ್ಟು ಗನ್ ಸಾವುಗಳಲ್ಲಿ ತೀರಾ ಸಣ್ಣ ಪಾಲು, ಅದರ ಮೇಲೆ ಲೆಕ್ಕ ಕಟ್ಟುವುದು ಕಷ್ಟ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಮಕ್ಕಳ ಕೈಗೆ ಗನ್ ಸಿಗದಂತೆ ನೋಡಿಕೊಳ್ಳುವ ಕಾನೂನಿರುವ ಕಡೆ ಎಳೆಯರ ಆತ್ಮಹತ್ಯೆಯೂ, ಕೈತಪ್ಪಿ ಗುಂಡು ಹಾರುವುದೂ ಕಮ್ಮಿ. 2022ರಲ್ಲಿ ಈ ದೇಶದಲ್ಲಿ ಗುಂಡಿಗೆ ಸತ್ತವರು 48,204 ಜನ. ಅದರಲ್ಲಿ 27,032 ಆತ್ಮಹತ್ಯೆ, ಅರ್ಧಕ್ಕಿಂತ ಜಾಸ್ತಿ. ಒಬ್ಬೊಬ್ಬರಾಗಿ ಸಾಯುತ್ತಾರೆ, ಟಿವಿ ವ್ಯಾನು ಬರುವುದಿಲ್ಲ. ನನ್ನ ಕುರ್ಚಿಯ ಎದುರು ಕೂರುವುದು ಹಾಗೆ ಸಾಯಲು ಯೋಚಿಸುವ ಮಕ್ಕಳು. ಸಾಯಬೇಕು ಅನ್ನುವ ಯೋಚನೆ ಅಲೆಯ ಹಾಗೆ, ಏರುತ್ತದೆ, ಇಳಿಯುತ್ತದೆ. ಇಳಿಯುವವರೆಗೆ ಕೈಗೆ ಏನೂ ಸಿಗದಿದ್ದರೆ ಬಹಳಷ್ಟು ಮಕ್ಕಳು ಉಳಿಯುತ್ತಾರೆ, ಆಮೇಲೆ ಚೆನ್ನಾಗಿಯೇ ಬದುಕುತ್ತಾರೆ.

ಇನ್ನೊಂದು ಮಾತು ನನಗೆ ತಲೆ ಕೆಡಿಸುತ್ತದೆ. "ಗನ್ ಬಿಡಿ, ನೀವು ಡಾಕ್ಟ್ರುಗಳು ಹುಚ್ಚರನ್ನು ಮೊದಲೇ ಗುರುತಿಸಬಾರದಾ?" ಆಗಲ್ಲ ಸ್ವಾಮಿ. ಖಿನ್ನತೆ ಇರುವ, ಸಿಟ್ಟಿರುವ, ಒಂಟಿಯಾಗಿರುವ ನೂರಾರು ಮಕ್ಕಳನ್ನು ನೋಡಿದ್ದೇನೆ. ಯಾರೂ ಯಾರನ್ನೂ ಕೊಂದಿಲ್ಲ. ಹಣೆಯ ಮೇಲೆ ಬರೆದಿರುವುದಿಲ್ಲ. ಬಾಯಿಬಿಟ್ಟು ಹೇಳಿದರೆ, ಬರೆದರೆ, ಆಗ ಮಾತು ಬೇರೆ. ಈಗ ಇಲ್ಲಿ ಮನೆಯವರು, ಪೊಲೀಸರು, ನಮ್ಮಂಥ ವೈದ್ಯರು ಕೋರ್ಟಿಗೆ ಅರ್ಜಿ ಹಾಕಿ ಅಂಥವರ ಗನ್ ತಾತ್ಕಾಲಿಕವಾಗಿ ತೆಗೆಸಬಹುದು, ರೆಡ್ ಫ್ಲ್ಯಾಗ್ ಕಾನೂನು ಅಂತಾರೆ. ಅರ್ಜಿ ಹಾಕುವವರು ಬೇಕು ಅಷ್ಟೇ. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದ ಅಂಗಡಿಯಲ್ಲಿ ಹತ್ತು ಜನರನ್ನು ಕೊಂದವನು ಹಿಂದಿನ ವರ್ಷವೇ ಶಾಲೆಯಲ್ಲಿ ಬೆದರಿಕೆಯ ಮಾತು ಬರೆದು ಆಸ್ಪತ್ರೆಗೂ ಹೋಗಿ ಬಂದಿದ್ದ. ನ್ಯೂಯಾರ್ಕ್‌ನಲ್ಲಿ ಆ ಕಾನೂನು ಇತ್ತು. ಅರ್ಜಿ ಮಾತ್ರ ಯಾರೂ ಹಾಕಿರಲಿಲ್ಲ.

ನಮ್ಮ ಕಡೆಯದೇ ಒಂದು ಕುಟುಂಬ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಪಕ್ಕದ ಬೀದಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿ ಚಿನ್ನ ಒಯ್ದಿದ್ದರು. ಗ್ರೀನ್ ಕಾರ್ಡ್ ಬಂದ ವರ್ಷವೇ ಅಪ್ಪ ಪಿಸ್ತೂಲು ಕೊಂಡ. ಹದಿನಾಲ್ಕು ವರ್ಷದ ಮಗ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾನೆ, ಅದಕ್ಕೇ ನನ್ನ ಹತ್ತಿರ ಬಂದದ್ದು. ಗನ್ ಇದೆಯಾ ಅಂತ ಕೇಳಿದೆ. "ಇದೆ ಮೇಡಂ, ಆದ್ರೆ ಅವನಿಗೆ ಗೊತ್ತೇ ಇಲ್ಲ. ಇವಳಿಗೂ ಹೇಳಿಲ್ಲ" ಅಂದರು. ಹೆಂಡತಿ ಗಂಡನ ಮುಖ ನೋಡಿದರು. ಅವರಿಗೆ ಗನ್ ಇರುವುದೇ ಆಗ ಗೊತ್ತಾದದ್ದು! ಆಮೇಲೆ ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿದೆ. ತಲೆ ಎತ್ತದೆ ಹೇಳಿದ. "ಅಪ್ಪನ ಕ್ಲಾಸೆಟ್‌ನಲ್ಲಿ, ಸೂಟ್‌ಕೇಸ್ ಹಿಂದೆ, ಹಳೇ ಲ್ಯಾಪ್‌ಟಾಪ್ ಬ್ಯಾಗಲ್ಲಿ. ಜಿಪ್ ಸ್ವಲ್ಪ ಕಚ್ಚಿಕೊಳ್ಳುತ್ತೆ." ಆ ಜಿಪ್ಪಿನ ಮಾತಿಗೆ ನನ್ನ ಕೈ ತಣ್ಣಗಾಯಿತು. ಅವನ ಒಪ್ಪಿಗೆ ತೆಗೆದುಕೊಂಡೇ ಅಪ್ಪನಿಗೆ ಹೇಳಿದೆ. ಆ ಮನುಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಮಗನಿಗೆ ವಾಸಿಯಾಗುವವರೆಗೆ ಅದು ಮನೆಯಲ್ಲೇ ಬೇಡ ಅಂದೆ. ಒಪ್ಪಿದರು.

ಹುಡುಗ ಈಗ ಚೆನ್ನಾಗಿದ್ದಾನೆ, ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ. ಹೋದ ತಿಂಗಳು ಅಪ್ಪ ಫೋನ್ ಮಾಡಿದರು. ಗನ್ ವಾಪಸ್ ತರುವ ಮೊದಲು ನಿಮ್ಮನ್ನು ಒಂದು ಮಾತು ಕೇಳೋಣ ಅಂತ ಅಂದರು. ಈ ಸಲ ಗಟ್ಟಿ ಕಬ್ಬಿಣದ ಪೆಟ್ಟಿಗೆ ತಂದು ಗೋಡೆಗೆ ಬೋಲ್ಟ್ ಹಾಕಿಸಿದ್ದಾರಂತೆ, ನಾಲ್ಕು ಅಂಕಿಯ ಕೋಡಂತೆ.

"ಕೋಡು ಯಾವುದು ಅಂತ ನನಗೆ ಹೇಳಬೇಡಿ, ಮನೆಯಲ್ಲಿ ಬೇರೆ ಯಾರಿಗೂ ಹೊಳೆಯೋ ಹಾಗಿಲ್ಲ ತಾನೇ?" ಅಂದೆ.

"ಇಲ್ಲ ಮೇಡಂ, ನನಗೆ ಮರೆತು ಹೋಗಬಾರದು ಅಂತ ಅವನ ಹುಟ್ಟಿದ ದಿನಾನೇ ಇಟ್ಟಿದ್ದೀನಿ" ಅಂದರು.