ಬಾಸ್ಟನ್ನಿನ ಚಹಾ ಅಗ್ಗವಾಗಲಿತ್ತು

ಅಮೆರಿಕದ ಪ್ರೌಢಶಾಲೆಗಳ ಇತಿಹಾಸ ಶಿಕ್ಷಕರಿಗೆ ಅರ್ಥಶಾಸ್ತ್ರದ ತರಬೇತಿ ನೀಡುವ ನಾನು ಪ್ರತಿ ಬೇಸಿಗೆಯ ಕಾರ್ಯಾಗಾರವನ್ನು ಒಂದೇ ಪ್ರಶ್ನೆಯಿಂದ ಆರಂಭಿಸುತ್ತೇನೆ: 1773ರ ಡಿಸೆಂಬರ್ 16ರ ರಾತ್ರಿ ಆಗಿನ್ನೂ ಬ್ರಿಟಿಷ್ ವಸಾಹತಿಗೆ ಸೇರಿದ್ದ ಬಾಸ್ಟನ್ ಬಂದರಿನಲ್ಲಿ ಅಲ್ಲಿನ ಜನ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದದ್ದೇಕೆ? ಬ್ರಿಟಿಷರು ಚಹಾದ ಮೇಲಿನ ತೆರಿಗೆಯನ್ನು ಏರಿಸಿದರು ಎಂಬ ಉತ್ತರ ಪ್ರತಿ ವರ್ಷವೂ ಬರುತ್ತದೆ. ಇಪ್ಪತ್ತು ವರ್ಷ ಶ್ರದ್ಧೆಯಿಂದ ಪಾಠ ಮಾಡಿದವರ ಬಾಯಲ್ಲೂ ಅದನ್ನೇ ಕೇಳಿದಾಗ ನನ್ನ ತಾಳ್ಮೆ ಸೋಲುತ್ತದೆ.

ಆ ವರ್ಷದ ಚಹಾ ಕಾಯ್ದೆ ತೆರಿಗೆಯನ್ನು ಏರಿಸಲೇ ಇಲ್ಲ. ರಾತಲಿಗೆ 3 ಪೆನ್ಸ್ ಸುಂಕವನ್ನು ವಿಧಿಸಿದ್ದು 1767ರಲ್ಲಿ. ಅದು ಹಾಗೆಯೇ ಉಳಿಯಿತು. ಈಸ್ಟ್ ಇಂಡಿಯಾ ಕಂಪನಿ ಬ್ರಿಟನ್ನಿನಲ್ಲಿ ಕಟ್ಟುತ್ತಿದ್ದ ಆಮದು ಸುಂಕವನ್ನು ಮರಳಿಸಿ, ಲಂಡನ್ನಿನ ಹರಾಜುಕಟ್ಟೆಯ ನಡುವಿನವರಿಲ್ಲದೆ, ತಾನೇ ಆರಿಸಿದ ವರ್ತಕರಿಗೆ ನೇರವಾಗಿ ಸರಕು ಕಳಿಸಲು ಈ ಕಾಯ್ದೆ ಅವಕಾಶ ಕೊಟ್ಟಿತು. ಸುಂಕ ಬೇರೆ, ಬೆಲೆ ಬೇರೆ. ಸುಂಕವೆಂಬುದು ಬೆಲೆಯೊಳಗಿನ ಒಂದು ಪಾಲು ಮಾತ್ರ; ಆ ಪಾಲು ಅಲುಗಾಡದೆ ಉಳಿದರೂ ಮಿಕ್ಕ ಖರ್ಚುಗಳು ತಗ್ಗಿದರೆ ಕೊಳ್ಳುವವರ ಕೈಗೆ ಸರಕು ಅಗ್ಗವಾಗಿಯೇ ಸಿಗುತ್ತದೆ. ಇಷ್ಟನ್ನು ಒಪ್ಪಿಸಲು ನನಗೆ ಕೆಲವೊಮ್ಮೆ ಅರ್ಧ ದಿನ ಬೇಕಾಗುತ್ತದೆ.

ಒಪ್ಪಿಸಲು ಮಾತಿಗಿಂತ ಚೀಟಿ ಮೇಲು. ಅಂದಿನವರ ಒಂದೊಂದು ಪಾತ್ರ ಬರೆದ ಚೀಟಿಗಳನ್ನು ಶಿಕ್ಷಕರಿಗೆ ಹಂಚುತ್ತೇನೆ. ಒಬ್ಬರಿಗೆ ಗೃಹಿಣಿಯ ಚೀಟಿ, ಒಬ್ಬರಿಗೆ ಡಚ್ ಚಹಾ ತರುವ ಕಳ್ಳಸಾಗಣೆದಾರನದು, ಮತ್ತೊಬ್ಬರಿಗೆ ಕಂಪನಿಯ ಪಟ್ಟಿಯಲ್ಲಿ ಹೆಸರಿಲ್ಲದ ವರ್ತಕನದು. ಕಳೆದ ಬಾರಿ ಕಳ್ಳಸಾಗಣೆದಾರನ ಚೀಟಿ ಸಿಕ್ಕಿದ್ದ ಹಿರಿಯ ಶಿಕ್ಷಕಿಯೊಬ್ಬರು ಪೆನ್ಸಿಲಿನಲ್ಲಿ ಎರಡೆರಡು ಬಾರಿ ಲೆಕ್ಕ ಹಾಕಿ, "ನನ್ನ ವ್ಯಾಪಾರ ಮುಳುಗಿತು" ಎಂದರು. ಮರುಕ್ಷಣವೇ ಎದ್ದುಹೋಗಿ, ಬೆಳಿಗ್ಗೆ ತಾವೇ ಹಲಗೆಯ ಮೇಲೆ ಬರೆದಿದ್ದ "ತೆರಿಗೆ ಏರಿಕೆ" ಎಂಬುದನ್ನು ಅಂಗೈಯಿಂದ ಒರೆಸಿದರು. ಅವರ ಮೇಲೆ ನನಗೆ ಅಪಾರ ಗೌರವ ಮೂಡಿತು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಇದೆಲ್ಲ ಕಳ್ಳಸಾಗಣೆದಾರರ ಹೊಟ್ಟೆಪಾಡಿನ ಗದ್ದಲವಷ್ಟೇ ಎಂದು ಮಕ್ಕಳಿಗೆ ಹೇಳಿದರೆ ಅದೂ ತಪ್ಪೇ. ಪ್ರಾತಿನಿಧ್ಯವಿಲ್ಲದ ತೆರಿಗೆ ಸಲ್ಲದೆಂಬ ತತ್ತ್ವವನ್ನು ಅಂದಿನ ಜನ ಮನಸಾರೆ ನಂಬಿದ್ದರು; ಅದಕ್ಕೆ ಆರ್ಥಿಕ ಬೇರೂ ಇತ್ತು. ಆ 3 ಪೆನ್ಸಿನ ಸುಂಕದಿಂದ ಗವರ್ನರ್ ಮತ್ತು ನ್ಯಾಯಾಧೀಶರಿಗೆ ಸಂಬಳ ಸಿಗುವುದಾದರೆ, ಅವರ ಸಂಬಳ ತಡೆಹಿಡಿಯುವ ಶಾಸನಸಭೆಯ ಅಧಿಕಾರ ಕೈಜಾರುತ್ತಿತ್ತು. ಬಾಸ್ಟನ್ನಿನಲ್ಲಿ ಚಹಾ ಮಾರಲು ಕಂಪನಿ ಆರಿಸಿದವರಲ್ಲಿ ಗವರ್ನರ್ ಹಚಿನ್‌ಸನ್ನರ ಇಬ್ಬರು ಮಕ್ಕಳಿದ್ದರು ಎಂಬುದನ್ನೂ ತರಗತಿಯಲ್ಲಿ ಬಿಡಬಾರದು.

ಕಂಪನಿಗೆ ಇಷ್ಟು ರಿಯಾಯಿತಿ ಏಕೆ ಬೇಕಾಯಿತು ಎಂದು ಅದೇ ಶಿಕ್ಷಕಿ ಮಧ್ಯಾಹ್ನ ಕೇಳಿದರು. ಕನ್ನಡತಿಯಾದ ನನಗೆ ಇದು ಪ್ರಿಯವಾದ ಪ್ರಶ್ನೆ. 1769ರಲ್ಲಿ ಹೈದರಾಲಿಯ ಸೈನ್ಯ ಮದರಾಸಿನ ಬಾಗಿಲಿಗೆ ಬಂದು ನಿಂತಿತು. ಆ ಯುದ್ಧದ ಸುದ್ದಿ ತಲುಪಿ ಲಂಡನ್ನಿನಲ್ಲಿ ಕಂಪನಿಯ ಶೇರುಗಳು ಕುಸಿದವು. ಮುಂದಿನ ವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ, 1772ರಲ್ಲಿ ಸಾಲದ ಮುಗ್ಗಟ್ಟು. ಅಷ್ಟರಲ್ಲಿ ಗೋದಾಮುಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ರಾತಲು ಚಹಾ ಮಾರಾಟವಾಗದೆ ಬಿದ್ದಿತ್ತು. ಬಾಸ್ಟನ್ನಿನ ಕಥೆಯನ್ನು ಮೈಸೂರಿನಿಂದ ಆರಂಭಿಸುವುದು ಅತಿಯಾದೀತು, ಹಲವು ಕಾರಣಗಳಲ್ಲಿ ಅದೊಂದು ಎಂದು ಅವರಿಗೆ ಹೇಳಿದೆ. ಅವರು ಆಗಲೇ ತಮ್ಮ ಪಾಠದ ಟಿಪ್ಪಣಿಯ ಅಂಚಿನಲ್ಲಿ ಶ್ರೀರಂಗಪಟ್ಟಣದ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಳ್ಳುತ್ತಿದ್ದರು.