ಚಳಿಯಲ್ಲಿ ಹೊರಗಿರುವ ದೊಡ್ಡ ನಾಯಿ: ಮೊದಲು ನೋಡಬೇಕಾದದ್ದು ತೇವ

ಹಂಡೆಯ ಬಿಸಿನೀರು ನಿಧಾನಕ್ಕೆ ಆರುತ್ತದೆ, ಲೋಟದ್ದು ಬೇಗ. ದೊಡ್ಡ ನಾಯಿ ಹಂಡೆಯ ಹಾಗೆ. ಅದರ ತೂಕಕ್ಕೆ ಹೋಲಿಸಿದರೆ ಶಾಖ ಬಿಟ್ಟುಕೊಡುವ ಚರ್ಮ ಕಡಿಮೆ. ಹಾಗಾಗಿ ಸಣ್ಣ ನಾಯಿಗಿಂತ ಚೆನ್ನಾಗಿ ಚಳಿ ತಡೆಯುತ್ತದೆ. ಇಷ್ಟು ಓದಿ, ‘ಇಷ್ಟು ದೊಡ್ಡ ನಾಯಿಗೆ ಎಂಥ ಚಳಿ’ ಅಂದುಬಿಡಬೇಡಿ. ಗ್ರೇಟ್ ಡೇನ್ ಕೂಡ ದೊಡ್ಡದೇ ಅಲ್ವಾ? ಆದರೆ ಅದಕ್ಕಿರುವುದು ಮೈಗಂಟಿದ ಗಿಡ್ಡ ಕೂದಲು. ಹಿಮ ಬೀಳುವ ರಾತ್ರಿ ಅದು ಮನೆಯೊಳಗೇ ಇರಬೇಕು. ಮರಿಗಳು, ಮುದಿ ನಾಯಿಗಳು, ಕೀಲುನೋವಿನವು ಯಾವ ತಳಿಯಾದರೂ ಅಷ್ಟೇ.

ಮಾಲಮ್ಯೂಟ್, ನ್ಯೂಫೌಂಡ್‌ಲ್ಯಾಂಡ್‌ನಂಥ ತಳಿಗಳಿಗೆ ಎರಡು ಪದರ. ಒಳಗೆ ಒತ್ತಾದ ಮೆತ್ತನೆ ತುಪ್ಪಳ, ಮೇಲೆ ಉದ್ದನೆಯ ಒರಟು ಕೂದಲು. ನಾಯಿಯನ್ನು ಬೆಚ್ಚಗಿಡುವುದು ಮುಖ್ಯವಾಗಿ ಕೂದಲ ನಡುವೆ ಸಿಕ್ಕಿಕೊಂಡ ಗಾಳಿ. ಈ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ತುಪ್ಪಳ ಒದ್ದೆಯಾದರೆ ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತದೆ, ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಕೂದಲು ಗಂಟುಕಟ್ಟಿದರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಬಿರುಸು ಗಾಳಿ ಆ ಬೆಚ್ಚನೆಯ ಪದರವನ್ನೇ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ 2 ಡಿಗ್ರಿಯ ಜಿಟಿಜಿಟಿ ಮಳೆ, ಗಾಳಿಯಿಲ್ಲದ ಒಣ ಮೈನಸ್ 5 ಡಿಗ್ರಿಗಿಂತ ಕೆಟ್ಟದ್ದಾಗಬಹುದು. ಸುಮ್ನೆ ಥರ್ಮಾಮೀಟರ್ ನೋಡಿ ಸಮಾಧಾನಪಡಬೇಡಿ. ಬೆರಳುಗಳನ್ನು ತುಪ್ಪಳದೊಳಗೆ ಚರ್ಮದವರೆಗೆ ಇಳಿಸಿ ನೋಡಿ. ಅಲ್ಲಿ ಒಣಗಿದ್ದು ಬೆಚ್ಚಗಿದ್ದರೆ ಸರಿ.

ಗೂಡಿನ ವಿಷಯದಲ್ಲಿ ಜಾಸ್ತಿ ಜನ ತಪ್ಪುವುದು ಅಳತೆಯಲ್ಲಿ. ಪ್ರೀತಿಯಿಂದಲೇ ವಿಶಾಲವಾಗಿ ಕಟ್ಟಿಬಿಡುತ್ತಾರೆ. ಆದರೆ ಗೂಡಿಗೆ ಬೇರೆ ಒಲೆಯಿಲ್ಲ, ನಾಯಿಯ ಮೈಯೇ ಒಲೆ. ನಿಂತು, ತಿರುಗಿ, ಸುರುಳಿ ಸುತ್ತಿ ಮಲಗುವಷ್ಟು ಜಾಗ ಸಾಕು. ತಳ ನೆಲದಿಂದ ನಾಲ್ಕಾರು ಇಂಚು ಮೇಲಿರಲಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ, ಅದಕ್ಕೊಂದು ದಪ್ಪ ಪರದೆ ಇರಲಿ. ಪೂರ್ತಿ ಮುಚ್ಚಿಬಿಡಲೂಬಾರದು. ಉಸಿರಿನ ತೇವ ಹೊರಹೋಗಲು ಮೇಲೆ ಸಣ್ಣ ಕಿಂಡಿ ಬೇಕು.

ಹಾಸಿಗೆಗೆ ಕಂಬಳಿ ಬೇಡ. ನಾಯಿ ತಂದ ಹಿಮವನ್ನೆಲ್ಲ ಅದು ಹೀರಿಕೊಂಡು ರಾತ್ರಿ ಗಡ್ಡೆಕಟ್ಟುತ್ತದೆ. ಧಾನ್ಯ ಬಡಿದ ಮೇಲೆ ಉಳಿಯುವ ಒಣಹುಲ್ಲನ್ನು ದಪ್ಪಗೆ ತುಂಬಿ. ಅದರ ಕಡ್ಡಿ ಟೊಳ್ಳು, ಒಳಗೆ ಮತ್ತೆ ಅದೇ ಗಾಳಿ. ನಾಯಿ ಅದರಲ್ಲಿ ಹೂತುಕೊಂಡು ಮಲಗುತ್ತದೆ. ದಿನಾ ಕೈಹಾಕಿ ಮುಟ್ಟಿ ನೋಡಿ, ತೇವ ಸಿಕ್ಕರೆ ಬದಲಿಸಿ. ಹುಲ್ಲಿನ ಮೇಲೆ ಬಿಸಿ ದೀಪ ಮಾತ್ರ ನೇತುಹಾಕಬೇಡಿ. ಬಿದ್ದರೆ ಬೆಂಕಿ.

ನೀರು ಹೆಪ್ಪುಗಟ್ಟುತ್ತದೆ, ದಿನಕ್ಕೆ ಹಲವು ಸಲ ನೋಡಿ. ಹಿಮ ತಿಂದರೆ ನೀರಡಿಕೆ ಸರಿಯಾಗಿ ತೀರುವುದಿಲ್ಲ, ಅದನ್ನು ಕರಗಿಸಲು ಮೈಶಾಖವೂ ಖರ್ಚು. ಚಳಿಯಲ್ಲಿ ಊಟ ಜಾಸ್ತಿ ಬೇಕಾಗುತ್ತದೆ. ದಪ್ಪ ತುಪ್ಪಳದಡಿ ಸೊರಗಿದ್ದು ಕಾಣುವುದಿಲ್ಲ, ವಾರಕ್ಕೊಮ್ಮೆ ಪಕ್ಕೆಲುಬು ಮುಟ್ಟಿ ನೋಡಬೇಕು. ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪು ಪಾದ ಸುಡುತ್ತದೆ, ಉಗುರುಬೆಚ್ಚನೆ ನೀರಲ್ಲಿ ತೊಳೆದು ಒರೆಸಿ. ವಾಹನದ ಆಂಟಿಫ್ರೀಜ್ (ಎಂಜಿನ್‌ನ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ) ಸೋರಿದ್ದರೆ ಕೂಡಲೇ ಒರೆಸಿ. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಸ್ವಲ್ಪ ನೆಕ್ಕಿದರೂ ಮೂತ್ರಪಿಂಡ ಹಾಳಾಗಬಹುದು. ನೆಕ್ಕಿದೆ ಅಂತ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ವೈದ್ಯರ ಬಳಿ ಹೋಗಿ.

ಕೊನೆಯದಾಗಿ ನಡುಕ. ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 37ಕ್ಕಿಂತ ಇಳಿದರೆ ಅಪಾಯ ಶುರು. ಮೊದಲು ನಡುಗುತ್ತದೆ, ಆಮೇಲೆ ತಡವರಿಸುತ್ತದೆ, ಮಂಕಾಗುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಚೇತರಿಕೆಯಲ್ಲ. ನಡುಗಲೂ ಶಕ್ತಿ ಉಳಿದಿಲ್ಲ ಎಂದರ್ಥ. ಆಗ ಒಳಗೆ ತಂದು ಒರೆಸಿ, ಬೆಚ್ಚನೆ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಹೊಟ್ಟೆಗೆ ತಾಗಿಸಿಡಿ. ಮೊದಲು ಮುಂಡ ಬೆಚ್ಚಗಾಗಲಿ, ಕಾಲು ಆಮೇಲೆ. ಕಿವಿ, ಬಾಲದ ತುದಿ ಬಿಳಿಚಿ ಗಟ್ಟಿಯಾಗಿದ್ದರೆ ತಿಕ್ಕಬೇಡಿ, ಒಳಗಿನ ಮಾಂಸ ಹರಿಯುತ್ತದೆ. ಇಷ್ಟು ಮಾಡುವಾಗಲೇ ಇನ್ನೊಬ್ಬರು ಪಶುವೈದ್ಯರಿಗೆ ಫೋನ್ ಹಚ್ಚಿರಬೇಕು.