ಸ್ಲಿಪ್ಪರ್ ಸಾಕ್ಸ್‌ನಲ್ಲಿ 39 ಇದ್ದ ಕುಣಿಕೆ 41 ಆದರೆ ಪೂರ್ತಿ ಬಿಚ್ಚಬೇಕೆ?

ಪ್ರಶ್ನೆ: ಎರಡೇ ಕಡ್ಡಿಯಲ್ಲಿ ಪಟ್ಟಿಯ ಹಾಗೆ ಹೆಣೆದು, ಆಮೇಲೆ ಮಡಚಿ ಹೊಲಿಯುವ ಸ್ಲಿಪ್ಪರ್ ಸಾಕ್ಸ್ ಹಾಕುತ್ತಿದ್ದೇನೆ. 39 ಕುಣಿಕೆಯಿಂದ ಶುರು ಮಾಡಿದ್ದೆ, ಈಗ ಎಣಿಸಿದರೆ 41. ನಡುವೆ ಒಂದು ಕುಣಿಕೆ ಬೇರೆ ಜಾರಿ ಏಣಿಯ ಹಾಗಾಗಿದೆ. ಎಲ್ಲ ಬಿಚ್ಚಿ ಮತ್ತೆ ಹಾಕಬೇಕೆ?

ಬೇಡ. ಮೊದಲು ಜಾರಿದ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿ, ಇನ್ನೂ ಕೆಳಗಿಳಿಯುವುದು ನಿಲ್ಲಲಿ. ಆಮೇಲೆ ಲೆಕ್ಕಕ್ಕೆ ಬನ್ನಿ. ಒಂದು ಜಾರಿದ್ದರೆ 38 ಉಳಿಯಬೇಕಿತ್ತು. 41 ಇದೆ ಎಂದರೆ ಎಲ್ಲಿಂದಲೋ ಮೂರು ಹೊಸದಾಗಿ ಹುಟ್ಟಿಕೊಂಡಿವೆ.

ಹೊಸಬರ ಕೈಯಲ್ಲಿ ಇವು ಹೆಚ್ಚಾಗಿ ಹುಟ್ಟುವುದು ಅಂಚಿನಲ್ಲಿ. ಕಡ್ಡಿ ತಿರುಗಿಸಿದಾಗ ಉಲ್ಲನ್ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದುಕೊಂಡರೆ ಮೊದಲ ಕುಣಿಕೆ ಮಗುಚಿಕೊಂಡು ಅದರ ಎರಡು ಕಾಲೂ, ಅಂದರೆ ಎರಡು ಬದಿಯ ಎಳೆಗಳೂ, ಕಡ್ಡಿಯ ಮೇಲೆ ಬರುತ್ತವೆ, ನೋಡಲು ಎರಡು ಕುಣಿಕೆಯಂತೆ. ಎರಡನ್ನೂ ಹೆಣೆದುಬಿಟ್ಟರೆ ಒಂದು ಜಾಸ್ತಿ. ನಾನೂ ಮೊದಲ ಜೋಡಿಯನ್ನು ಹೀಗೆಯೇ ಬೀಸಣಿಗೆ ಆಕಾರಕ್ಕೆ ತಂದಿದ್ದೆ. ದಾರ ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ಹೋಗಲಿ, ಸಾಕು. ಅಂಚಿನಲ್ಲಿ ಹೆಚ್ಚಾದದ್ದಕ್ಕೆ ಮುಂದಿನ ಸಾಲಿನಲ್ಲಿ ಅದೇ ಅಂಚಿನ ಎರಡನ್ನು ಒಟ್ಟಿಗೆ ಹೆಣೆಯಿರಿ. ಹೊಲಿದ ಮೇಲೆ ಒಳಗೆ ಸೇರಿಹೋಗುತ್ತದೆ.

ನಡುವೆ ಸಣ್ಣ ತೂತು ಕಂಡರೆ ಅಲ್ಲಿ ದಾರ ಕಡ್ಡಿಗೆ ಸುಮ್ಮನೆ ಸುತ್ತಿಕೊಂಡಿತ್ತು ಎಂದರ್ಥ. ಆ ತೂತಿನ ನೇರಕ್ಕಿರುವ ಕುಣಿಕೆಯನ್ನು ಬೇಕೆಂದೇ ಜಾರಿಸಿ. ತೂತಿನ ತನಕ ಬಿಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ಸಡಿಲಾದ ದಾರವನ್ನು ಕಡ್ಡಿಯ ತುದಿಯಿಂದ ಅಕ್ಕಪಕ್ಕಕ್ಕೆ ಹಂಚಿದರೆ ಆಯಿತು.

ಇನ್ನು ಆ ಏಣಿ. ಎಲ್ಲ ಸಾಲೂ ನಿಟ್ (ನೇರ ಹೆಣಿಗೆ) ಆಗಿರುವ ಹೆಣಿಗೆಯಲ್ಲಿ ಒಂದು ಉಬ್ಬುಗೆರೆಗೆ ಎರಡು ಸಾಲು, ಹಾಗಾಗಿ ಏಣಿಯ ಆರು ಅಡ್ಡ ಎಳೆ ಅಂದರೆ ಮೂರು ಉಬ್ಬು. ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ ತೆಗೆದುಕೊಳ್ಳಿ. ಅಡ್ಡ ಎಳೆ ಕುಣಿಕೆಯ ಹಿಂದೆ ಇದ್ದರೆ ಕಡ್ಡಿಯನ್ನು ಮುಂದಿನಿಂದ ಕುಣಿಕೆಯೊಳಗೆ ತೂರಿಸಿ ಎಳೆಯನ್ನು ಮುಂದಕ್ಕೆ ಎಳೆಯಿರಿ. ಎಳೆ ಮುಂದೆ ಇದ್ದರೆ ಹಿಂದಿನಿಂದ ತೂರಿಸಿ ಹಿಂದಕ್ಕೆ ಎಳೆಯಿರಿ. ಒಂದಾದ ಮೇಲೊಂದು ಹೀಗೆಯೇ. ಗೊಂದಲವಾದರೆ ಪ್ರತಿ ಎಳೆಗೂ ಹೆಣಿಗೆಯನ್ನೇ ತಿರುಗಿಸಿ ಮುಂದಿನಿಂದಲೇ ಮಾಡಿ. ನಿಧಾನ, ಆದರೆ ತಪ್ಪುವುದಿಲ್ಲ. ಕೊನೆಯ ಕುಣಿಕೆಯನ್ನು ಹೆಣಿಗೆಯ ಕಡ್ಡಿಗೇರಿಸುವಾಗ ಅದರ ಬಲಗಾಲು ಮುಂದೆ ಇರಲಿ, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ.

ಒಂದು ತೊಡಕು ಮಾತ್ರ ಇದೆ. ಕುಣಿಕೆ ಎಂದೋ ಜಾರಿ, ಅದು ಗೊತ್ತಾಗದೆ ನೀವು ಅದರ ಮೇಲೆ ಹತ್ತು ಸಾಲು ಹೆಣೆದಿದ್ದರೆ ಆ ಎಳೆಗಳಲ್ಲಿ ಹೆಚ್ಚುವರಿ ದಾರವೇ ಇರುವುದಿಲ್ಲ. ಬಲವಂತವಾಗಿ ಮೇಲೆತ್ತಿದರೆ ಬಟ್ಟೆ ಚಿವುಟಿದಂತೆ ಸುಕ್ಕಾಗುತ್ತದೆ. ಎರಡು ಮೂರು ಸಾಲಾದರೆ ನಡೆಯುತ್ತದೆ. ಜಾಸ್ತಿಯಾದರೆ ಅದೇ ಬಣ್ಣದ ತುಂಡು ದಾರದಿಂದ ಕುಣಿಕೆಯನ್ನು ಒಳಬದಿಗೆ ಬಿಗಿದು, ಕಡಿಮೆಯಾದ ಕುಣಿಕೆಯನ್ನು ಮುಂದಿನ ಸಾಲಿನಲ್ಲಿ ಒಂದು ಹೆಚ್ಚಿಸಿ ಸರಿದೂಗಿಸಿ. ಕಾಲಿಗೆ ಹಾಕಿದ ಮೇಲೆ ಅದನ್ನು ಯಾರು ಹುಡುಕುತ್ತಾರೆ?

ಬಿಚ್ಚಲೇಬೇಕಾದ ಜಾಗ ಬೆರಳಿನ ಭಾಗ. ಅಲ್ಲಿ ಒಂದು ನಿಟ್, ಒಂದು ಪರ್ಲ್ (ಉಲ್ಟಾ ಹೆಣಿಗೆ) ಎಂದು ಪಟ್ಟೆ ಬರುವುದರಿಂದ ಒಂದು ತಪ್ಪಿದರೆ ಪಟ್ಟೆಯೇ ಸೊಟ್ಟಗಾಗುತ್ತದೆ. ಆ ಭಾಗ ಶುರು ಮಾಡುವ ಮುನ್ನ ದಪ್ಪ ಸೂಜಿಯಲ್ಲಿ ಬೇರೆ ಬಣ್ಣದ ದಾರವನ್ನು ಎಲ್ಲ ಕುಣಿಕೆಗಳೊಳಗೂ ಪೋಣಿಸಿಡಿ. ಎಷ್ಟು ಬಿಚ್ಚಿದರೂ ಹೆಣಿಗೆ ಅಲ್ಲಿಗೇ ನಿಲ್ಲುತ್ತದೆ. ತುದಿ ಮುಚ್ಚುವಾಗ ದಾರವನ್ನು ಎಲ್ಲ ಕುಣಿಕೆಗಳೊಳಗೂ ಎರಡು ಸುತ್ತು ತೂರಿಸಿ, ಆದರೆ ಬಿಗಿಯುವ ಮೊದಲು ಎಣಿಸಿ. ಒಂದೇ ಒಂದು ಬಿಟ್ಟುಹೋಗಿದ್ದರೂ ಮೊದಲ ಸಲ ತೊಟ್ಟಾಗಲೇ ಹೆಬ್ಬೆರಳು ಹೊರಗೆ ಇಣುಕುತ್ತದೆ.